೧೯೨೫: ರೈಲುದಾರಿಯ ಒಂದು ವರ್ಷ

ಮುಂಬಯಿಯಲ್ಲಿ ನೆಲೆಸಿದ ನಮಗೆ ದಿನಕ್ಕೆ ಎರಡು ಸಲ ತಪ್ಪದೆ ದೇವರ ನೆನಪಾಗುತ್ತದೆ. ಬೆಳಿಗ್ಗೆ ಎಂಟೂವರೆಯ ಲೋಕಲ್ ಹತ್ತುವಾಗ ಒಮ್ಮೆ; ಸಾಯಂಕಾಲ ಅದೇ ಲೋಕಲ್ಲಿನಿಂದ ಕೈಕಾಲು ಸಮೇತ ಇಳಿದಾಗ ಇನ್ನೊಮ್ಮೆ. ನಡುವಿನ ಹೊತ್ತಿನಲ್ಲಿ ನಾವು ರೈಲನ್ನು ಬೈಯುತ್ತೇವೆ. ತಡವಾಯಿತೆಂದು ಬೈಯುತ್ತೇವೆ, ಕಿಕ್ಕಿರಿದಿದೆಯೆಂದು ಬೈಯುತ್ತೇವೆ, ಮಳೆಗಾಲದಲ್ಲಿ ನಿಂತುಹೋಯಿತೆಂದು ಬೈಯುತ್ತೇವೆ. ಆದರೆ ಒಂದು ದಿನ ಅದು ಓಡದಿದ್ದರೆ ಈ ಮಹಾನಗರದಲ್ಲಿ ನಮ್ಮ ಅನ್ನದ ದಾರಿಯೇ ಮುಚ್ಚಿದಂತೆ ಎಂಬುದನ್ನು ಬಲ್ಲೆವು. ಬೈಗುಳಕ್ಕೂ ಒಂದು ಸಲಿಗೆ ಬೇಕಷ್ಟೆ.

೨೦೨೫ರ ಫೆಬ್ರವರಿ ೩ಕ್ಕೆ ಈ ನಮ್ಮ ಲೋಕಲ್ ಗಾಡಿಗೆ, ಅಂದರೆ ಭಾರತದ ವಿದ್ಯುತ್ ರೈಲಿಗೆ, ನೂರು ವರ್ಷ ತುಂಬಿತು. ಸರಕಾರಿ ಕಚೇರಿಯಲ್ಲಿ ಕಡತಗಳ ನಡುವೆ ಬದುಕುವ ನಮ್ಮಂಥವರಿಗೆ ಒಂದು ಚಟವುಂಟು: ಒಂದು ತಾರೀಖು ಕಣ್ಣಿಗೆ ಬಿದ್ದರೆ ಅದರ ಹಿಂದಿನ ಹಾಳೆ, ಮುಂದಿನ ಹಾಳೆ ತಿರುವಿ ನೋಡದೆ ಬಿಡುವುದಿಲ್ಲ. ಹಾಗೆ ೧೯೨೫ನೆಯ ಇಸವಿಯ ಹಾಳೆಗಳನ್ನು ತಿರುವಿದಾಗ ನಮಗೆ ಸೋಜಿಗವೇ ಆಯಿತು. ಆ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲೂ ಹೊರದೇಶಗಳಲ್ಲೂ ರೈಲಿನ ಚರಿತ್ರೆ ಎಷ್ಟೊಂದು ತಿರುವುಗಳನ್ನು ಕಂಡಿದೆ! ವಾಚಕರೊಡನೆ ಅದನ್ನು ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಹೊಗೆಯಿಲ್ಲದ ಗಾಡಿ

ಆ ವರ್ಷದ ಫೆಬ್ರವರಿ ೩, ಮಂಗಳವಾರ. ಬೊಂಬಾಯಿಯ ವಿಕ್ಟೋರಿಯಾ ಟರ್ಮಿನಸ್ ನಿಲ್ದಾಣದಿಂದ ಬಂದರು ಮಾರ್ಗದಲ್ಲಿ, ಅಂದರೆ ಇಂದಿನ ಹಾರ್ಬರ್ ಲೈನಿನಲ್ಲಿ, ಕುರ್ಲಾವರೆಗೆ ನಾಲ್ಕು ಡಬ್ಬಿಗಳ ಗಾಡಿಯೊಂದು ಹೊರಟಿತು. ಮುಂದೆ ಇಂಜಿನು ಇರಲಿಲ್ಲ, ಕಲ್ಲಿದ್ದಲು ಇರಲಿಲ್ಲ, ಹೊಗೆಯಿರಲಿಲ್ಲ. ಬೊಂಬಾಯಿ ಪ್ರಾಂತದ ಗವರ್ನರ್ ಸರ್ ಲೆಸ್ಲಿ ವಿಲ್ಸನ್ ಅದನ್ನು ಉದ್ಘಾಟಿಸಿದರು. ದೂರ ಸುಮಾರು ಹದಿನಾರು ಕಿಲೋಮೀಟರು. ಭಾರತದಲ್ಲಿ ವಿದ್ಯುತ್ತಿನಿಂದ ಓಡಿದ ಮೊದಲ ರೈಲು ಅದು. ಅದಕ್ಕೆ ೭೨ ವರ್ಷಗಳ ಹಿಂದೆ, ೧೮೫೩ರ ಏಪ್ರಿಲ್ ೧೬ರಂದು, ದೇಶದ ಮೊದಲ ಪ್ರಯಾಣಿಕರ ಉಗಿಬಂಡಿ ಠಾಣೆಗೆ ಹೊರಟದ್ದೂ ಇದೇ ಬೋರಿಬಂದರಿನ ಆವರಣದಿಂದಲೇ ಎಂಬುದನ್ನು ನೆನೆದರೆ ಈ ಜಾಗದ ಮಣ್ಣಿನ ಗುಣ ತಿಳಿಯುತ್ತದೆ.

ಉಗಿಬಂಡಿ ಚೆನ್ನಾಗಿ ಓಡುತ್ತಿರುವಾಗ ವಿದ್ಯುತ್ತು ಏಕೆ ಬೇಕಾಯಿತು? ಉತ್ತರ ನಮ್ಮ ಊರಿನ ಗಾಡಿಗೂ ಈ ಊರಿನ ಗಾಡಿಗೂ ಇರುವ ವ್ಯತ್ಯಾಸದಲ್ಲಿದೆ. ದೂರ ಹೋಗುವ ಗಾಡಿ ಒಮ್ಮೆ ವೇಗ ಹಿಡಿದರೆ ಗಂಟೆಗಟ್ಟಲೆ ಓಡುತ್ತದೆ. ಲೋಕಲ್ ಗಾಡಿ ಹಾಗಲ್ಲ. ಎರಡು ಮೂರು ನಿಮಿಷಕ್ಕೊಂದು ನಿಲ್ದಾಣ. ನಿಲ್ಲಬೇಕು, ಮತ್ತೆ ಎಳೆಯಬೇಕು. ಉಗಿಯಂತ್ರ ಮೆಲ್ಲಗೆ ವೇಗ ಹಿಡಿಯುವ ಪ್ರಾಣಿ. ಅದು ವೇಗ ಹಿಡಿಯುವಷ್ಟರಲ್ಲಿ ಮುಂದಿನ ನಿಲ್ದಾಣ ಬಂದಿರುತ್ತದೆ. ಕೊನೆಯ ನಿಲ್ದಾಣ ತಲುಪಿದ ಮೇಲೆ ಇಂಜಿನನ್ನು ಬಿಚ್ಚಿ, ಇನ್ನೊಂದು ತುದಿಗೆ ತಂದು ಜೋಡಿಸಬೇಕು. ನೀರು ತುಂಬಬೇಕು, ಬೂದಿ ತೆಗೆಯಬೇಕು. ಅಷ್ಟು ಹೊತ್ತು ಪ್ಲಾಟ್‌ಫಾರಂ ಬಂದ್. ಊರು ಬೆಳೆದಂತೆ ಗಾಡಿಗಳನ್ನು ಹೆಚ್ಚಿಸಲು ಜಾಗವೇ ಇಲ್ಲ.

ವಿದ್ಯುತ್ ಲೋಕಲ್ಲಿನಲ್ಲಿ ಮೋಟಾರು ಡಬ್ಬಿಯ ಅಡಿಯಲ್ಲೇ ಇರುತ್ತದೆ. ಚಾಲಕನ ಕೋಣೆ ಎರಡೂ ತುದಿಗಳಲ್ಲಿ. ಗಾಡಿ ಬಂದು ನಿಂತರೆ ಚಾಲಕ ಒಂದು ಕಡೆಯಿಂದ ಇಳಿದು ಇನ್ನೊಂದು ಕಡೆಗೆ ನಡೆದರಾಯಿತು. ಬಿ.ಎಸ್ಸಿ.ಯಲ್ಲಿ ನಾವು ಉರುಹೊಡೆದ ಒಂದು ಪಾಠವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ: ನೇರ ವಿದ್ಯುತ್ತಿನ ಸರಣಿ ಮೋಟಾರು ನಿಂತ ಸ್ಥಿತಿಯಲ್ಲಿರುವಾಗಲೇ ಅತಿ ಹೆಚ್ಚಿನ ತಿರುಗುಬಲ ಕೊಡುತ್ತದೆ. ಭಾರವಾದ ಹೊರೆಯನ್ನು ನಿಂತಲ್ಲಿಂದ ಎಬ್ಬಿಸುವ ಕೆಲಸಕ್ಕೆ ಆ ಕಾಲದಲ್ಲಿ ಅದಕ್ಕೆ ಸಮನಾದದ್ದಿರಲಿಲ್ಲ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದು ಮರೆತದ್ದು ದಿನವೂ ನಮ್ಮ ಕಾಲ ಕೆಳಗೇ ಗುಂಯ್‌ಗುಡುತ್ತದೆ ಎಂಬುದು ಆಗ ಯಾರಿಗೆ ಗೊತ್ತಿತ್ತು!

ಅಂದು ಬಳಸಿದ್ದು ೧,೫೦೦ ವೋಲ್ಟಿನ ನೇರ ವಿದ್ಯುತ್ತು. ೧೯೨೮ರಲ್ಲಿ ಪಶ್ಚಿಮದ ಕೊಲಾಬಾ–ಬೋರಿವಲಿ ದಾರಿಗೂ, ೧೯೨೯ರಲ್ಲಿ ಭೋರ್ ಘಾಟ್ ಹತ್ತಿ ಪುಣೆಯವರೆಗೂ ಇದೇ ಪದ್ಧತಿ ವಿಸ್ತರಿಸಿತು. ೧೯೩೧ರಲ್ಲಿ ಮದರಾಸಿನ ಬೀಚ್–ತಾಂಬರಂ ಮೀಟರ್‌ಗೇಜಿಗೂ ಬಂದಿತು. ಆದರೆ ಈ ಪದ್ಧತಿಗೆ ಒಂದು ಕುಂದಿತ್ತು. ವೋಲ್ಟು ಕಡಿಮೆಯಾದರೆ ಅದೇ ಶಕ್ತಿಗೆ ಪ್ರವಾಹ ಹೆಚ್ಚು ಬೇಕು. ತಂತಿ ದಪ್ಪವಾಗಬೇಕು, ಉಪಕೇಂದ್ರಗಳು ಒತ್ತೊತ್ತಾಗಿರಬೇಕು. ಪ್ರವಾಹ ಇಮ್ಮಡಿಯಾದರೆ ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟ ನಾಲ್ಮಡಿ. ಸ್ವಾತಂತ್ರ್ಯಾನಂತರ ೧೯೫೭ರಲ್ಲಿ ನಮ್ಮ ರೈಲ್ವೆ ೨೫,೦೦೦ ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಆರಿಸಿಕೊಂಡದ್ದು ಇದಕ್ಕಾಗಿ. ಅಷ್ಟೇ ಶಕ್ತಿಗೆ ಪ್ರವಾಹ ಸುಮಾರು ಹದಿನೇಳರಲ್ಲಿ ಒಂದು ಪಾಲು ಸಾಕು. ಮುಂಬಯಿ ಮಾತ್ರ ಹಳೆಯದನ್ನು ಬಹುಕಾಲ ಉಳಿಸಿಕೊಂಡಿತು. ಓಡುವ ಗಾಡಿಗಳನ್ನು ನಿಲ್ಲಿಸದೆ ತಂತಿಯ ವಿದ್ಯುತ್ತನ್ನು ಬದಲಿಸುವುದೆಂದರೆ, ಮನೆಯಲ್ಲಿ ಮದುವೆ ನಡೆಯುತ್ತಿರುವಾಗ ತೊಲೆ ಬದಲಿಸಿದಂತೆ. ವಿದ್ಯುತ್ ರೈಲು ಮೊದಲು ಓಡಿದ ಅದೇ ಹಾರ್ಬರ್ ಮಾರ್ಗದಲ್ಲೇ ೨೦೧೬ರ ಏಪ್ರಿಲಿನಲ್ಲಿ ಕೊನೆಯ ನೇರ ವಿದ್ಯುತ್ ಲೋಕಲ್ ಓಡಿ ಆ ಅಧ್ಯಾಯ ಮುಗಿಯಿತು. ಆರಂಭವೂ ಅಲ್ಲೇ, ಮಂಗಳವೂ ಅಲ್ಲೇ.

ಗಾಡಿ ಯಾರದ್ದು?

ಅದೇ ವರ್ಷ ಸದ್ದಿಲ್ಲದೆ ಕಾಗದದ ಮೇಲೆ ಇನ್ನೊಂದು ದೊಡ್ಡ ಕೆಲಸ ನಡೆಯಿತು. ಜನವರಿ ೧ರಂದು ಈಸ್ಟ್ ಇಂಡಿಯನ್ ರೈಲ್ವೆಯ ಆಡಳಿತವನ್ನೂ ಜುಲೈ ೧ರಂದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಆಡಳಿತವನ್ನೂ ಸರಕಾರ ತನ್ನ ಕೈಗೆ ತೆಗೆದುಕೊಂಡಿತು. ನಮ್ಮ ಹಿರಿಯರ ಬಾಯಲ್ಲಿ ‘ಜಿ.ಐ.ಪಿ.’ ಎಂದು ಬಳಕೆಯಲ್ಲಿದ್ದುದು ಈ ಎರಡನೆಯದೇ.

ಇದರ ಮಹತ್ವ ತಿಳಿಯಬೇಕಾದರೆ ಹಿಂದಿನ ಲೆಕ್ಕ ನೋಡಬೇಕು. ಭಾರತದಲ್ಲಿ ಮೊದಲ ರೈಲುಗಳನ್ನು ಹಾಕಿದ ಕಂಪೆನಿಗಳಿಗೆ, ಅವು ತೊಡಗಿಸಿದ ಹಣಕ್ಕೆ, ಶೇಕಡಾ ೫ರ ಆದಾಯ ಖಂಡಿತ ಎಂದು ಸರಕಾರ ಮುಚ್ಚಳಿಕೆ ಬರೆದುಕೊಟ್ಟಿತ್ತು. ಲಾಭ ಬಂದರೆ ಲಂಡನ್ನಿನ ಷೇರುದಾರರಿಗೆ. ಕಡಿಮೆ ಬಿದ್ದರೆ ಭಾರತದ ಬೊಕ್ಕಸದಿಂದ, ಅಂದರೆ ರೈತನ ಕಂದಾಯದಿಂದ, ಭರ್ತಿ. ಈಸ್ಟ್ ಇಂಡಿಯನ್ನನ್ನು ೧೮೮೦ರ ಹೊತ್ತಿಗೂ ಜಿ.ಐ.ಪಿ.ಯನ್ನು ೧೯೦೦ರಲ್ಲೂ ಸರಕಾರ ಕೊಂಡುಕೊಂಡಿತ್ತಾದರೂ, ನಡೆಸುವ ಹೊಣೆಯನ್ನು ಮತ್ತೆ ಅದೇ ಕಂಪೆನಿಗಳಿಗೆ ಒಪ್ಪಿಸಿತ್ತು. ಮನೆ ನಮ್ಮದು, ಯಜಮಾನಿಕೆ ಅವರದು. ಆಡಳಿತ ಮಂಡಳಿ ಲಂಡನ್ನಿನಲ್ಲಿ ಕೂರುತ್ತಿತ್ತು. ಮೂರನೆಯ ದರ್ಜೆಯ ಪ್ರಯಾಣಿಕನ ಪಾಡನ್ನು ಗಾಂಧೀಜಿ ೧೯೧೭ರಲ್ಲಿ ಒಂದು ಕಿರುಪುಸ್ತಿಕೆಯಲ್ಲೇ ಬರೆದರು. ಅತಿ ಹೆಚ್ಚು ಜನ ಓಡಾಡುತ್ತಿದ್ದ ದರ್ಜೆಯೇ ಅತಿ ಅಲಕ್ಷ್ಯಕ್ಕೆ ಗುರಿಯಾಗಿತ್ತು.

ಮೊದಲ ಮಹಾಯುದ್ಧದಲ್ಲಿ ಸವೆದುಹೋದ ರೈಲುಗಳ ಸ್ಥಿತಿ ನೋಡಲು ೧೯೨೦ರಲ್ಲಿ ವಿಲಿಯಂ ಅಕ್‌ವರ್ಥ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳೂ ಪುರುಷೋತ್ತಮದಾಸ್ ಠಾಕೂರದಾಸರೂ ಅದರ ಸದಸ್ಯರಾಗಿದ್ದರು. ರೈಲ್ವೆಯ ಹಣಕಾಸನ್ನು ಸಾಮಾನ್ಯ ಹಣಕಾಸಿನಿಂದ ಬೇರ್ಪಡಿಸಬೇಕು ಎಂಬುದು ಅದರ ಮುಖ್ಯ ಸಲಹೆಗಳಲ್ಲೊಂದು. ೧೯೨೪ರಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು. ಅಲ್ಲಿಂದ ಬೆಳೆದುಬಂದ ಪ್ರತ್ಯೇಕ ರೈಲ್ವೆ ಬಜೆಟ್ಟಿನ ಪದ್ಧತಿ ೨೦೧೭ರವರೆಗೆ ನಡೆಯಿತು. ಬಜೆಟ್ಟಿನ ದಿನ ಊರಿಗೆ ಹೊಸ ಗಾಡಿ ಬಂತೇ ಎಂದು ರೇಡಿಯೋಗೆ ಕಿವಿಗೊಟ್ಟು ಕೂತ ನೆನಪು ನಮ್ಮ ಸಂಘದ ಹಲವರಿಗಿರಬೇಕು.

ಈ ಜಿ.ಐ.ಪಿ. ಬರಿಯ ಬೊಂಬಾಯಿಯ ಕಂಪೆನಿಯಲ್ಲ. ಅದರ ಆಗ್ನೇಯದ ದಾರಿ ಸೊಲ್ಲಾಪುರ ದಾಟಿ, ಕಲಬುರಗಿ, ಶಹಾಬಾದ, ವಾಡಿಯ ಮೇಲೆ ಹಾಯ್ದು ೧೮೭೧ರಲ್ಲಿ ರಾಯಚೂರು ಮುಟ್ಟಿತ್ತು. ಮದರಾಸಿನಿಂದ ಬಂದ ಹಳಿ ಅಲ್ಲೇ ಅದನ್ನು ಕೂಡಿತ್ತು. ಮುಂಬಯಿ–ಮದರಾಸು ರೈಲಿನ ಲಗ್ನ ನಡೆದದ್ದು ಕನ್ನಡದ ನೆಲದಲ್ಲಿ! ೧೯೨೫ರ ಜುಲೈ ೧ರಂದು ಒಡೆಯ ಬದಲಾದಾಗ ನಮ್ಮ ಆ ನಿಲ್ದಾಣಗಳಿಗೂ ಬದಲಾದನೆಂದಾಯಿತು.

ಉಳಿದ ಕನ್ನಡಿಗರಿಗೆ ಆ ಭಾಗ್ಯ ತಡವಾಗಿ ಬಂತು. ಹುಬ್ಬಳ್ಳಿ–ಧಾರವಾಡದ ಕಡೆಯ ಮದರಾಸು ಮತ್ತು ದಕ್ಷಿಣ ಮರಾಠಾ ರೈಲ್ವೆ ೧೯೪೪ರವರೆಗೂ ಕಂಪೆನಿಯ ಕೈಯಲ್ಲಿತ್ತು. ಮೈಸೂರು ಸಂಸ್ಥಾನದ ರೈಲ್ವೆ ಕೇಂದ್ರಕ್ಕೆ ಸೇರಿದ್ದು ೧೯೫೦ರಲ್ಲಿ. ೧೯೨೫ರಲ್ಲಿ ಧಾರವಾಡದಿಂದ ಬೊಂಬಾಯಿಗೆ ಹೊರಟವನು ಮೀಟರ್‌ಗೇಜಿನಲ್ಲಿ ಪುಣೆಯವರೆಗೆ ಬಂದು, ಅಲ್ಲಿ ಗಂಟುಮೂಟೆ ಇಳಿಸಿ, ಅಗಲ ಹಳಿಯ ಗಾಡಿ ಹತ್ತಬೇಕಿತ್ತು. ನಾವು ಚಿಕ್ಕವರಿದ್ದಾಗ ಈ ಇಳಿಸಿ ಹತ್ತಿಸುವ ಕೆಲಸ ಮಿರಜಿಗೆ ಬಂದಿತ್ತು. ಅರ್ಧ ನಿದ್ದೆಯಲ್ಲಿ ಅವ್ವನ ಸೆರಗು ಹಿಡಿದು, ಟ್ರಂಕು ಹೊತ್ತ ಅಪ್ಪನ ಹಿಂದೆ ಓಡಿದ ಆ ಪ್ಲಾಟ್‌ಫಾರಂ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮಂಗಳೂರಿನವರ ಪಾಡು ಇನ್ನೂ ದೂರದ್ದು. ಮಂಗಳೂರಿಗೆ ೧೯೦೭ರಲ್ಲೇ ರೈಲು ಬಂದಿದ್ದರೂ ಅದರ ಮುಖ ದಕ್ಷಿಣಕ್ಕೆ. ಕೇರಳ, ತಮಿಳುನಾಡು ಸುತ್ತಿ ರಾಯಚೂರಿನ ಮೇಲೆ ಬೊಂಬಾಯಿಗೆ ಬರುವುದಕ್ಕಿಂತ ಹಡಗೇ ಲೇಸೆನಿಸಿದ್ದರೆ ಆಶ್ಚರ್ಯವಿಲ್ಲ. ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆಯಲು ೧೯೯೮ರವರೆಗೆ ಕಾಯಬೇಕಾಯಿತು.

ಜುಲೈ ತಿಂಗಳ ಎರಡು ಚಿತ್ರಗಳು

ಅದೇ ಜುಲೈ ೨ರಂದು ಇಂಗ್ಲೆಂಡಿನಲ್ಲಿ ದೊಡ್ಡ ಜಾತ್ರೆ. ಜಾರ್ಜ್ ಸ್ಟೀಫನ್‌ಸನ್ನನ ‘ಲೋಕೋಮೋಷನ್’ ಇಂಜಿನು ಸ್ಟಾಕ್‌ಟನ್–ಡಾರ್ಲಿಂಗ್‌ಟನ್ ದಾರಿಯಲ್ಲಿ ಓಡಿದ್ದು ೧೮೨೫ರ ಸೆಪ್ಟೆಂಬರ್ ೨೭ರಂದು. ಅದರ ಶತಮಾನೋತ್ಸವಕ್ಕೆ ಹಳೆಯ ಹೊಸ ಇಂಜಿನುಗಳ ಮೆರವಣಿಗೆ ಹೊರಟಿತು. ಮುಂದೆ ಆರನೆಯ ಜಾರ್ಜ್ ದೊರೆಯಾದ ಯಾರ್ಕಿನ ಡ್ಯೂಕ್ ದಂಪತಿಗಳು ನೋಡಲು ಬಂದಿದ್ದರು. ಆ ಹಳೆಯ ‘ಲೋಕೋಮೋಷನ್’ ಕೂಡ ಓಡಿತು. ಆದರೆ ಅದು ತನ್ನ ಉಗಿಯಿಂದ ಓಡಲಿಲ್ಲ. ಟೆಂಡರಿನಲ್ಲಿ ಪೆಟ್ರೋಲ್ ಯಂತ್ರವೊಂದನ್ನು ಬಚ್ಚಿಟ್ಟಿದ್ದರು. ಹೊಗೆ ಕಾಣಲೆಂದು ಎಣ್ಣೆಯ ಹತ್ತಿಯನ್ನು ಉರಿಸಿದರು. ಉತ್ಸವಮೂರ್ತಿಗೆ ಹೊರುವವರು ಬೇಕೇ ಬೇಕಲ್ಲ! ಉಗಿಯ ನೂರನೆಯ ವರ್ಷದಲ್ಲಿ ಉಗಿಯ ತಾಯಿಯನ್ನು ಪೆಟ್ರೋಲ್ ಹೊತ್ತು ನಡೆಸಿತು. ಕಾಲ ಎತ್ತ ತಿರುಗುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಎರಡು ವಾರ ಕಳೆದು, ಜುಲೈ ೧೭ರಂದು, ಜಪಾನಿನಲ್ಲಿ ಜಾತ್ರೆಯಿಲ್ಲದ ಒಂದು ಕೆಲಸ ನಡೆಯಿತು. ನಮ್ಮ ದೃಷ್ಟಿಯಲ್ಲಿ ಆ ವರ್ಷದ ಅತ್ಯಂತ ದೊಡ್ಡ ಘಟನೆ ಅದೇ.

ಡಬ್ಬಿಗೆ ಡಬ್ಬಿ ಜೋಡಿಸಲು ಹಿಂದೆ ಕೊಕ್ಕೆ, ಕೊಂಡಿ, ತಿರುಪು ಇರುತ್ತಿದ್ದವು. ಒಬ್ಬ ಕೂಲಿಯವನು ಎರಡು ಡಬ್ಬಿಗಳ ನಡುವೆ ನುಗ್ಗಿ, ಭಾರದ ಕೊಂಡಿಯನ್ನೆತ್ತಿ ಕೊಕ್ಕೆಗೆ ಹಾಕಿ ತಿರುಪು ಬಿಗಿಯಬೇಕು. ಡಬ್ಬಿ ಒಂದು ಗೇಣು ಹೆಚ್ಚು ಸರಿದರೆ ಅವನ ಕೈಯೋ ಪ್ರಾಣವೋ ಹೋಗುತ್ತಿತ್ತು. ತಾನೇತಾನಾಗಿ ಕೂಡಿಕೊಳ್ಳುವ ಕೊಂಡಿ ಅಮೆರಿಕದಲ್ಲಿ ಆಗಲೇ ಬಳಕೆಯಲ್ಲಿತ್ತು. ಎರಡು ಕೈಗಳ ಬೆರಳುಗಳು ಒಂದಕ್ಕೊಂದು ಸಿಕ್ಕಿಕೊಂಡಂತೆ ಅದು ಡಬ್ಬಿಗಳನ್ನು ಹಿಡಿಯುತ್ತದೆ. ಜೋಡಿಸಲು ನಡುವೆ ಮನುಷ್ಯ ನುಗ್ಗಬೇಕಾಗಿಲ್ಲ. ತೊಡಕು ಎಲ್ಲಿ ಎಂದರೆ, ಅರ್ಧ ಡಬ್ಬಿಗಳಿಗೆ ಹಳೆಯ ಕೊಂಡಿ, ಅರ್ಧಕ್ಕೆ ಹೊಸದು ಎಂದಾದರೆ ಒಂದಕ್ಕೊಂದು ಕೂಡುವುದೇ ಇಲ್ಲ. ಬದಲಿಸುವುದಾದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು.

ಜಪಾನಿನವರು ಹಾಗೆಯೇ ಮಾಡಿದರು. ವರ್ಷಗಟ್ಟಲೆ ಸಿದ್ಧತೆ ನಡೆಸಿದರು. ಹೊಸ ಕೊಂಡಿಗಳನ್ನು ಮೊದಲೇ ಡಬ್ಬಿಗಳ ಅಡಿಗೆ ನೇತುಹಾಕಿ ಊರೂರು ಓಡಿಸಿದರು. ಯಾವ ಡಬ್ಬಿ ಎಲ್ಲಿದ್ದರೂ ಅದರ ಕೊಂಡಿ ಅದರ ಜೊತೆಗೇ ಇರಬೇಕು. ಗೊತ್ತು ಮಾಡಿದ ದಿನ ಹೊನ್‌ಶೂ ದ್ವೀಪದಲ್ಲಿ ಸರಕು ಗಾಡಿಗಳನ್ನು ನಿಲ್ಲಿಸಿ, ಹತ್ತಾರು ಸಾವಿರ ಡಬ್ಬಿಗಳ ಕೊಂಡಿಗಳನ್ನು ಬದಲಿಸಿದರು. ಜುಲೈ ೨೦ರಂದು ಕ್ಯೂಶೂ ದ್ವೀಪದಲ್ಲೂ ಅಷ್ಟೇ. ಒಂದು ದಿನದ ವ್ಯಾಪಾರ ನಿಂತಿತು. ಅದಕ್ಕೆ ಪ್ರತಿಯಾಗಿ, ಹೆಸರಿಲ್ಲದ ಎಷ್ಟೋ ಕೂಲಿಯವರು ಸಂಜೆ ಮನೆಗೆ ಮರಳುವಂತಾಯಿತು. ಅದೇ ನವೆಂಬರ್ ೧ರಂದು ಟೋಕಿಯೋದ ಕಾಂಡಾ–ಉಎನೋ ನಡುವಿನ ತುಂಡು ಕೂಡಿಕೊಂಡು ಯಾಮಾನೋತೆ ಎಂಬ ವರ್ತುಲ ಮಾರ್ಗ ಪೂರ್ಣವಾಯಿತು. ಆ ನಗರದ ಜನಕ್ಕೆ ಅದು ಇಂದಿಗೂ ನಮ್ಮ ಲೋಕಲ್ಲಿನಂತೆಯೇ ಜೀವನಾಡಿ.

ಆಗಸ್ಟ್: ಕಾಕೋರಿ ಮತ್ತು ಹಾರ್ಲೆಂ

ಆಗಸ್ಟ್ ೯ರ ಸಂಜೆ. ಷಾಜಹಾನ್‌ಪುರದ ಕಡೆಯಿಂದ ಲಖನೌಗೆ ಹೋಗುತ್ತಿದ್ದ ೮ ಡೌನ್ ಪ್ಯಾಸೆಂಜರ್ ಗಾಡಿಯನ್ನು ಕಾಕೋರಿಯ ಬಳಿ ಸರಪಳಿ ಎಳೆದು ನಿಲ್ಲಿಸಲಾಯಿತು. ರಾಮಪ್ರಸಾದ ಬಿಸ್ಮಿಲ್ಲರ ಮುಂದಾಳುತನದ ಕ್ರಾಂತಿಕಾರಿಗಳು ಗಾರ್ಡಿನ ಡಬ್ಬಿಯಲ್ಲಿದ್ದ ಸರಕಾರದ ಹಣದ ಪೆಟ್ಟಿಗೆಯನ್ನು ಒಡೆದರು. ಸಿಕ್ಕಿದ್ದು ೪,೬೦೦ ರೂಪಾಯಿ ಚಿಲ್ಲರೆ. ಉದ್ದೇಶವಿಲ್ಲದೆ ಹಾರಿದ ಗುಂಡಿಗೆ ಒಬ್ಬ ಪ್ರಯಾಣಿಕ ಬಲಿಯಾದ. ಬಿಸ್ಮಿಲ್, ಅಶ್ಫಾಕುಲ್ಲಾ ಖಾನ್, ರೋಷನ್ ಸಿಂಗ್, ರಾಜೇಂದ್ರ ಲಾಹಿರಿ – ಈ ನಾಲ್ವರನ್ನು ೧೯೨೭ರ ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ನಾಲ್ಕೂವರೆ ಸಾವಿರಕ್ಕೆ ನಾಲ್ಕು ಗಲ್ಲು! ಸರಕಾರ ಹೆದರಿದ್ದು ಹಣ ಹೋದದ್ದಕ್ಕಲ್ಲ. ತಾನು ಹಾಕಿದ ಹಳಿಯ ಮೇಲೆ ತನ್ನ ಗಾಡಿಯನ್ನೇ ನಿಲ್ಲಿಸುವ ಕೈಗಳು ಹುಟ್ಟಿದ್ದಕ್ಕೆ.

ಅದೇ ತಿಂಗಳ ೨೫ರಂದು ನ್ಯೂಯಾರ್ಕಿನ ಹಾರ್ಲೆಂನಲ್ಲಿ ಬೇರೊಂದು ಬಗೆಯ ಧೈರ್ಯ ಕಂಡಿತು. ಅಮೆರಿಕದ ಪುಲ್‌ಮನ್ ಶಯನ ಡಬ್ಬಿಗಳಲ್ಲಿ ಹಾಸಿಗೆ ಹಾಸಿ, ಬೂಟು ಒರೆಸಿ, ಪ್ರಯಾಣಿಕರ ಉಪಚಾರ ಮಾಡುತ್ತಿದ್ದವರು ಬಹುತೇಕ ಕರಿಯ ಜನಾಂಗದ ನೌಕರರು. ಸಂಬಳ ಅಲ್ಪ, ಗಂಟೆಗಳಿಗೆ ಲೆಕ್ಕವಿಲ್ಲ, ಹೊಟ್ಟೆಪಾಡು ಇನಾಮಿನ ಮೇಲೆ. ಅವರಿಗೆ ಹೆಸರೂ ಇರಲಿಲ್ಲ. ಕಂಪೆನಿಯ ಸ್ಥಾಪಕ ಜಾರ್ಜ್ ಪುಲ್‌ಮನ್ನನ ಹೆಸರಿನಿಂದ ಪ್ರಯಾಣಿಕರು ಎಲ್ಲರನ್ನೂ ‘ಜಾರ್ಜ್’ ಎಂದೇ ಕೂಗುತ್ತಿದ್ದರು. ಎ. ಫಿಲಿಪ್ ರಾಂಡಾಲ್ಫ್ ನಾಯಕತ್ವದಲ್ಲಿ ಆ ನೌಕರರು ಅಂದು ತಮ್ಮ ಸಂಘ ಕಟ್ಟಿದರು. ಕಂಪೆನಿ ಅವರೊಡನೆ ಒಪ್ಪಂದಕ್ಕೆ ಸಹಿ ಹಾಕಲು ೧೨ ವರ್ಷ ಹಿಡಿಯಿತು. ೧೯೩೭ರ ಅದೇ ಆಗಸ್ಟ್ ೨೫ರಂದು ಗೆದ್ದರು. ಪರಊರಿನಲ್ಲಿ ಸಂಘ ಕಟ್ಟಿಕೊಂಡು ಬಾಳುವ ನಮಗೆ ಈ ಕಥೆ ದೂರದ್ದೆನಿಸುವುದಿಲ್ಲ. ತನ್ನ ಹೆಸರಿನಿಂದ ಕರೆಸಿಕೊಳ್ಳುವುದೂ ಒಂದು ಹಕ್ಕು. ಅದು ಒಬ್ಬನಿಂದ ಆಗುವ ಕೆಲಸವಲ್ಲ.

ಆ ವರ್ಷ ಮುಗಿಯುವ ಮೊದಲು, ಅಕ್ಟೋಬರಿನಲ್ಲಿ, ೩೦೦ ಅಶ್ವಶಕ್ತಿಯ ಪುಟ್ಟ ಡೀಸೆಲ್-ವಿದ್ಯುತ್ ಇಂಜಿನೊಂದು ಅಮೆರಿಕದ ನ್ಯೂಜರ್ಸಿ ಸೆಂಟ್ರಲ್ ರೈಲ್ವೆಯ ಕೆಲಸಕ್ಕೆ ಸೇರಿತು. ನ್ಯೂಯಾರ್ಕ್ ನಗರದೊಳಗೆ ಇಂಜಿನುಗಳ ಹೊಗೆ ಕೂಡದೆಂಬ ಕಾನೂನು ಬಂದಿದ್ದ ಕಾಲ ಅದು. ಆ ಇಂಜಿನು ೧೯೫೭ರವರೆಗೆ ದುಡಿಯಿತು. ಮುಂದೆ ಲೋಕದ ರೈಲುಗಳಲ್ಲಿ ಉಗಿಯನ್ನು ಅಟ್ಟಿದ ಡೀಸೆಲ್ ಇಂಜಿನುಗಳಿಗೆ ಅದೇ ಮೂಲಪುರುಷ.

ಉಳಿದ ಮಾತು

ಒಂದೇ ವರ್ಷ, ಒಂದೇ ಹಳಿ. ಬೊಂಬಾಯಿಯಲ್ಲಿ ಹೊಗೆ ಹೋಯಿತು. ಕಡತದಲ್ಲಿ ಒಡೆಯ ಬದಲಾದ. ಕಾಕೋರಿಯಲ್ಲಿ ಗಾಡಿ ನಿಂತಿತು. ಹಾರ್ಲೆಂನಲ್ಲಿ ಹೆಸರಿಲ್ಲದವರು ಹೆಸರು ಕೇಳಿದರು. ಜಪಾನಿನಲ್ಲಿ ಡಬ್ಬಿಗಳ ನಡುವೆ ನುಗ್ಗುತ್ತಿದ್ದ ಮನುಷ್ಯ ಹೊರಗೆ ಬಂದ. ಇವೆಲ್ಲವನ್ನೂ ಕೂಡಿಸಿ ನೋಡಿದರೆ ನಮಗೆ ತೋರುವುದಿಷ್ಟು: ರೈಲಿನ ಚರಿತ್ರೆಯನ್ನು ಇಂಜಿನುಗಳಿಂದ ಅಳೆಯುವುದು ಅರ್ಧ ಲೆಕ್ಕ. ಅದು ಎಷ್ಟು ಜನರನ್ನು ಸುಖವಾಗಿ ಮನೆ ಮುಟ್ಟಿಸಿತು ಎಂಬುದೇ ಉಳಿದರ್ಧ.

ಆ ಲೆಕ್ಕದಲ್ಲಿ ನಮ್ಮ ನಗರ ಇನ್ನೂ ಬಾಕಿದಾರ. ಮುಂಬಯಿಯ ಉಪನಗರ ರೈಲುದಾರಿಗಳಲ್ಲಿ ಹಳಿ ದಾಟುವಾಗ, ಬಾಗಿಲಿನಿಂದ ಜಾರಿ, ಇನ್ನಿತರ ಕಾರಣಗಳಿಂದ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತ ಬಂದಿದ್ದಾರೆ. ತಾನಾಗಿ ಮುಚ್ಚುವ ಬಾಗಿಲಿನ ಹವಾನಿಯಂತ್ರಿತ ಲೋಕಲ್ ೨೦೧೭ರ ಡಿಸೆಂಬರ್ ೨೫ರಂದು ಓಡತೊಡಗಿತಾದರೂ, ಬಾಗಿಲು ಮುಚ್ಚದ ಗಾಡಿಗಳಲ್ಲೇ ನಮ್ಮಲ್ಲಿ ಹೆಚ್ಚಿನವರ ಓಡಾಟ. ಬಾಗಿಲು ಮುಚ್ಚಿದರೆ ಒಳಗೆ ಗಾಳಿ ಬೇಕು, ಗಾಡಿಗಳು ಹೆಚ್ಚಬೇಕು, ಹಣ ಬೇಕು – ಕಷ್ಟಗಳು ನಮಗೂ ಗೊತ್ತು. ಟಿಪ್ಪಣಿ ಬರೆದು ಕಡತವನ್ನು ಮೇಲಕ್ಕೆ ಕಳಿಸುವ ಕೆಲಸ ನಮ್ಮದೇ ತಾನೆ! ಆದರೆ ಜಪಾನಿನವರ ಮುಂದೆಯೂ ಕಷ್ಟಗಳಿದ್ದವು. ಅವರು ವರ್ಷಗಟ್ಟಲೆ ಸಿದ್ಧತೆ ಮಾಡಿದರು. ಆಮೇಲೆ ಒಂದು ದಿನವನ್ನು ಗೊತ್ತುಮಾಡಿ ಮುಗಿಸಿದರು.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದೂ ಒಂದಿದೆ. ಮೊನ್ನೆ ಬೆಳಿಗ್ಗೆ ಚೆಂಬೂರಿನಲ್ಲಿ ಗಾಡಿ ಹೊರಟ ಮೇಲೆ ಓಡಿಬಂದ ಹುಡುಗನೊಬ್ಬ ಬಾಗಿಲ ಕಂಬಿಗೆ ಕೈಹಾಕಿದ. ನಮ್ಮ ಎಂಟೂವರೆಯ ಬಳಗದವರು ಅವನ ತೋಳು ಹಿಡಿದು ಒಳಗೆಳೆದುಕೊಂಡರು. ಕೆಲಸಕ್ಕೆ ಸೇರಿ ವಾರವಾಗಿತ್ತಂತೆ. ಊರು ಯಾವುದೆಂದರೆ ವಿಜಯಪುರದ ಕಡೆ ಎಂದ. “ತಮ್ಮಾ, ನಾಳಿಂದ ಹಿಂದಿನ ಗಾಡಿಗೆ ಬಾ, ಇಲ್ಲಾ ಮುಂದಿನ ಗಾಡಿಗೆ ಬಾ. ಓಡೋ ಗಾಡಿಗೆ ಮಾತ್ರ ಬರಬ್ಯಾಡ” ಎಂದು ನಮ್ಮಲ್ಲಿ ಹಿರಿಯರೊಬ್ಬರು ಗದರಿಸಿದರು. ಹುಡುಗ ತಲೆ ತಗ್ಗಿಸಿ “ಆಗಲಿರೀ ಕಾಕಾ” ಎಂದ. ಮರುದಿನ ಅವನು ನಮಗಿಂತ ಮೊದಲೇ ಬಂದು ಪ್ಲಾಟ್‌ಫಾರಂ ಮೇಲೆ ನಿಂತಿದ್ದ.